ಅಂಗಿ ತೊಡುವ ಬಗೆ

ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಪಂಪನ್ನು ಕೂರಿಸಿ ಓಡಿಸುವುದು ಹೇಗೆಂದು ಕೊಂಡವರಿಗೆ ತಿಳಿಯುವಂತೆ ಬರೆದುಕೊಡಬೇಕು. ಎಂಜಿನಿಯರುಗಳು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದನ್ನು ಅವಳು ಬಿಡಿಸಿ ಬಿಡಿಸಿ ಕೇಳುವಳು: "ಆಮೇಲೆ? ಯಾವ ಕೈಲಿ ಹಿಡೀಬೇಕು?" ಅವಳು ಬರುವುದು ಕಂಡರೆ, "ಆಮೇಲಮ್ಮ ಬಂದ್ರು" ಎಂದು ಅವರು ನಗುತ್ತಿದ್ದರು.

ಅವಳ ಅಣ್ಣ ಬಸ್ ಡ್ರೈವರ್. ಲಕ್ವ ಹೊಡೆದು ಅವನ ಬಲಗೈ ಸ್ವಾಧೀನ ತಪ್ಪಿತು. ಮಾತು ಉಳಿಯಿತು, ಸಿಟ್ಟು ಮೊದಲಿನ ಎರಡರಷ್ಟಾಯಿತು. ಬೆಳಿಗ್ಗೆ ಅತ್ತಿಗೆ ಅಂಗಿ ತೊಡಿಸುವಷ್ಟು ಹೊತ್ತೂ ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಕೂರುತ್ತಿದ್ದ.

ತಂಗಿಗೆ ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಅಂಗಿ ತೊಡುವುದನ್ನು ಹಂತ ಹಂತವಾಗಿ ದಪ್ಪ ಅಕ್ಷರದಲ್ಲಿ ಬರೆದು ಕನ್ನಡಿಯ ಪಕ್ಕ ಅಂಟಿಸಿದಳು.

ಅಣ್ಣ ಅದರಂತೆಯೇ ಎಡಗೈಯನ್ನು ತೋಳಿಗೆ ತೂರಿಸಿದ. ಬಲಗೈಯ ಸರದಿ ಬಂದಾಗ ಅಂಗಿ ಬೆನ್ನ ಹಿಂದೆ ಜೋತುಬಿದ್ದಿತ್ತು, ಎಟುಕಲಿಲ್ಲ. ಎಳೆದಾಡಿ ಬೆವತುಹೋದ.

"ನಾನೇನು ನಿನ್ನ ಪಂಪಾ? ಕಿತ್ತು ಬಿಸಾಕು ಅದನ್ನ!"

ಅವಳ ಮುಖ ಸಪ್ಪಗಾಯಿತು. ಚೀಟಿ ಕಿತ್ತಳು. ಎರಡೂ ಕೈ ನೆಟ್ಟಗಿರುವವಳು ಕುಳಿತು ಬರೆದದ್ದು. ಬರೆಯುವ ಮೊದಲು ಒಮ್ಮೆ ಅಣ್ಣನನ್ನೇ ಕೇಳಬೇಕೆಂದು ತೋಚಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನದೇ ಇನ್ನೊಂದು ಅಂಗಿ ತಂದು ಮಂಚದ ಮೇಲೆ ಅವನ ಪಕ್ಕ ಕುಳಿತಳು. ಬಲಗೈಯನ್ನು ಜೋತುಬಿಟ್ಟು, ಎಡಗೈ ಒಂದರಲ್ಲೇ ಗುದ್ದಾಡತೊಡಗಿದಳು.

ಅಣ್ಣ ಓರೆಗಣ್ಣಲ್ಲಿ ನೋಡುತ್ತಿದ್ದ. "ಏಯ್, ಮೋಸ! ಬಲಗೈ ಅಲ್ಲಾಡ್ತು."

"ಇಲ್ವಲ್ಲೋ!"

"ನಾನು ನೋಡ್ದೆ ಕಣೇ. ಮೊದ್ಲಿಂದ ಮಾಡು."

ಕಾಯಿಲೆ ಬಿದ್ದ ಮೇಲೆ ಅವನು ನಕ್ಕಿದ್ದು ಅವತ್ತೇ. ಅಂಗಿ ಅವಳ ತಲೆಗೆ ಸಿಕ್ಕಿಕೊಂಡು ಒದ್ದಾಡುವಾಗ ಅವನೇ ಹೇಳಿದ: "ಸೋತ ಕೈಗೇ ಮೊದ್ಲು ಹಾಕ್ಬೇಕು ಅನ್ಸುತ್ತೆ. ಅಂಗೀನ ತೊಡೆ ಮೇಲೆ ಇಟ್ಕೊ. ಕೈನ ಎತ್ತಿ ತೋಳೊಳಗೆ ಇಡು."

"ಆಮೇಲೆ?"

"ಭುಜದ ತನಕ ಎಳ್ಕೊ. ತಡಿ, ನಾನೇ ನೋಡ್ತೀನಿ."

ಅವನು ಮಾಡುತ್ತ ಹೇಳಿದ, ಅವಳು ಬರೆದುಕೊಂಡಳು. ಅವನು ಎಡವಿದಲ್ಲಿ ಬರೆದದ್ದನ್ನು ಹೊಡೆದುಹಾಕಿದಳು.

ಮರುದಿನ ಕೋಣೆಯ ಬಾಗಿಲು ಬಹಳ ಹೊತ್ತು ಮುಚ್ಚಿಯೇ ಇತ್ತು. ಅತ್ತಿಗೆ ಎರಡು ಸಲ ಎದ್ದು ಮತ್ತೆ ಕುಳಿತಳು. ಕೊನೆಗೂ ಅಣ್ಣ ಹೊರಗೆ ಬಂದ. ಗುಂಡಿಗಳು ಒಂದೊಂದು ಮನೆ ತಪ್ಪಿ, ಕಾಲರು ಒಂದು ಪಕ್ಕಕ್ಕೆ ನೆಗೆದುಕೊಂಡಿತ್ತು. ಸರಿಮಾಡಲು ಅತ್ತಿಗೆಯ ಕೈ ಮುಂದೆ ಬಂತು. ಅವನ ಮುಖ ನೋಡಿ ಹಿಂದಕ್ಕೆ ಹೋಯಿತು.

"ಪೇಪರ್ ತಗೊಂಡು ಬರ್ತೀನಿ" ಎಂದು ಅವನು ಬೀದಿಗಿಳಿದ. ಅತ್ತಿಗೆ, ನಾದಿನಿ ಇಬ್ಬರೂ ಕಿಟಕಿಯ ಬಳಿ ನಿಂತು, ಅವನು ತಿರುವು ದಾಟುವ ತನಕ ನೋಡಿದರು.