ಅಂಕಮ್ಮನ ಮೊಮ್ಮಗ ಮೈಕೈ ತುಂಬಿಕೊಂಡದ್ದು

ಅಕ್ಕೂರಿನಲ್ಲಿ ರೇಷ್ಮೆಹುಳು ಸಾಕುವವರ ಪೈಕಿ ಅಂಕಮ್ಮನಷ್ಟು ಜಂಬದವಳು ಇನ್ನೊಬ್ಬಳಿಲ್ಲ. ಪಕ್ಕದ ಮನೆಯವಳಾದ ನಾನೇ ಹೇಳುತ್ತಿದ್ದೇನೆ, ನಂಬಿ. ನಮ್ಮ ಬೆಳೆ ಕೆಟ್ಟರೆ ಗೋಡೆಯಾಚೆಯಿಂದ ಉಪದೇಶ ಶುರು. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತದೆ, ಅದಕ್ಕೇ ನನಗೆ ಇನ್ನಷ್ಟು ಕೋಪ. ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಬಾಯಿ ಮಾತ್ರ ಅವಳದೇ.

ಇಂಥವಳ ಮಡಿಲಿಗೆ ಹಾಲುಗಲ್ಲದ ಮೊಮ್ಮಗ ಅಶೋಕ ಬಂದು ಬಿದ್ದ. ಎಚ್‌ಐವಿ ಇದೆಯೆಂದು ತಿಳಿಯುವಷ್ಟರಲ್ಲಿ ಮಗಳು ಮಮತಾ ತೀರಾ ಸೊರಗಿದ್ದಳು, ಉಳಿಯಲಿಲ್ಲ. ಅಳಿಯ ತಿರುಗಿಯೂ ನೋಡಲಿಲ್ಲ. ಪರೀಕ್ಷೆ ಮಾಡಿಸಿದರೆ ಮಗುವಿಗೂ ಅದೇ ಸೋಂಕು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬು. ‘ಯಾಕತ್ಗೆ ಸುಮ್ಕೆ ಒದ್ದಾಡೀಯೆ, ಇದು ಉಳಿಯೋ ಕೂಸಲ್ಲ ಬುಡು’ ಎಂದ ನಾದಿನಿಯನ್ನು ಅಂಕಮ್ಮ ಜಗುಲಿಯಿಂದಲೇ ಅಟ್ಟಿದಳು.

ರಾಮನಗರದ ಚಿಕಿತ್ಸಾ ಕೇಂದ್ರದಲ್ಲಿ ಮಾತ್ರೆ ಕೊಟ್ಟರು. ಅದನ್ನು ನೀರಿನಲ್ಲಿ ಕರಗಿಸಿ ಹೊತ್ತಿಗೆ ಸರಿಯಾಗಿ ಕುಡಿಸುವುದರಲ್ಲಿ ಅವಳು ಒಂದು ದಿನವೂ ತಪ್ಪಲಿಲ್ಲ. ಆದರೂ ತೂಕ ಏರಲೊಲ್ಲದು. ಹೀಗೇ ಇದ್ದರೆ ಒಂದು ಭೇದಿಗೂ ಈ ಮಗು ತಡೆಯುವುದಿಲ್ಲ ಎಂದರು ಡಾಕ್ಟರು.

ಆ ಸಲ ಜೊತೆಗೆ ನಾನೂ ಹೋಗಿದ್ದೆ. ಅಲ್ಲಿ ಸಲಹೆ ಕೊಡುವ ಲತಾಮಣಿ, ‘ಜ್ವರ ಬಂದಾಗ ಏನು ತಿನ್ನಿಸ್ತೀರಾ ಅಜ್ಜಿ?’ ಎಂದು ಕೇಳಿದರು.

‘ಏನೂ ಇಲ್ಲ ಮೇಡಂ. ಹುಳ ಪೊರೆ ಬುಡೋವಾಗ ತಲೆ ಎತ್ಕಂಡು ಸುಮ್ಕೆ ನಿಂತಿರ್ತದೆ. ಆಗ ಸೊಪ್ಪು ಹಾಕುದ್ರೆ ಬೆಳೆ ಹಾಳು. ಕೂಸ್ಗೂ ಅಂಗೇಯ, ಮೈ ಬಿಸಿಯಾದ್ರೆ ಊಟ ನಿಲ್ಲುಸ್ಬುಡ್ತೀನಿ. ಒಸಿ ಗಂಜಿ ತಿಳಿ ಅಷ್ಟೇ’ ಎಂದಳು, ಅದೂ ಜಂಬದಿಂದ. ಆ ಮಗುವಿಗೋ ವಾರ ಬಿಟ್ಟು ವಾರ ಜ್ವರ!

ಲತಾಮಣಿ ನಗಲಿಲ್ಲ, ಬೈಯಲೂ ಇಲ್ಲ. ‘ಇವನು ಹುಳ ಅಲ್ಲ ಅಜ್ಜಿ. ಸೋಂಕಿನ ಜೊತೆ ಗುದ್ದಾಡೋಕೆ ಇವನಿಗೆ ಬೇರೆ ಮಕ್ಕಳಿಗಿಂತ ಜಾಸ್ತಿ ಊಟ ಬೇಕು. ಜ್ವರ ಇದ್ದಾಗಲೂ ಸ್ವಲ್ಪ ಸ್ವಲ್ಪ ತಿನ್ನಿಸ್ತಾನೇ ಇರಿ. ಜ್ವರ ಬಿಟ್ಟ ಮೇಲೆ ಇನ್ನೂ ಜಾಸ್ತಿ ಕೊಡಿ’ ಎಂದರು.

ಅಂಕಮ್ಮನ ಮುಖ ಬಾಡಿತು. ಆದರೆ ಅಳುತ್ತಾ ಕೂರುವ ಪೈಕಿಯೇ ಅವಳು? ಮರುದಿನವೇ ರಾಗಿ ನೆನೆಹಾಕಿದಳು. ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದಳು. ಆ ಹಿಟ್ಟಿನಿಂದ ಕಾಯಿಸಿದ ರಾಗಿ ಸರಿಗೆ ಬೆಲ್ಲ, ಮೇಲೆ ತುಪ್ಪ. ನೀರುನೀರಾಗಿ ಅಲ್ಲ, ಚಮಚದಿಂದ ಜಾರದಷ್ಟು ಗಟ್ಟಿ. ಬರಬರುತ್ತಾ ಮೊಟ್ಟೆ, ಬಸ್ಸಾರಿನಲ್ಲಿ ಕಿವುಚಿದ ಮುದ್ದೆ. ಬಾಯಿಹುಣ್ಣಾದಾಗ ಅವನು ಉಗಿದ, ಕಿರುಚಿದ. ಇವಳೂ ಕಿರುಚಿದಳು. ಆದರೆ ತಿನ್ನಿಸದೆ ಬಿಡಲಿಲ್ಲ.

ತೂಕದ ಮುಳ್ಳು ಮೊದಲು ಅಲುಗಿತು, ಆಮೇಲೆ ಏರಿತು, ಏರುತ್ತಲೇ ಹೋಯಿತು. ಅವನು ಕೂತ, ನಿಂತ, ನಮ್ಮ ಕೋಳಿಗಳನ್ನು ಅಟ್ಟಿಸಿಕೊಂಡು ಓಡಿದ. ಮಾತ್ರೆ ಇವತ್ತಿಗೂ ತಪ್ಪದೆ ನಡೆದಿದೆ. ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಮ್ಮಿಯಾಗಿದೆ. ಈಗ ಅವನಿಗೆ ಐದು ವರ್ಷ.

ಮೊನ್ನೆ ಮೂವರೂ ರಾಮನಗರಕ್ಕೆ ಹೊರಟಿದ್ದೆವು. ಹೆಂಗಸರಿಗೆ ಬಸ್ಸು ಉಚಿತ. ಆರು ತುಂಬದ ಅಶೋಕನಿಗೂ ಟಿಕೆಟ್ ಬೇಡ. ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ, ‘ಅಜ್ಜಿ, ಈ ಹುಡುಗ್ನಿಗೆ ಅರ್ಧ ಟಿಕೆಟ್ ತಗೋಬೇಕು’ ಎಂದ.

‘ಇನ್ನೂ ಐದೇ ವರ್ಷ ಕಣಪ್ಪ’ ಎಂದೆ ನಾನು.

‘ಸುಳ್ಳು ಹೇಳ್ಬೇಡಿ ಅಕ್ಕ. ಈ ಮೈಕಟ್ಟು, ಈ ಎತ್ತರ ನೋಡುದ್ರೆ ಏಳಾದ್ರೂ ಆಗಿರ್ತದೆ.’

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ನಿಲ್ಲುವಷ್ಟರಲ್ಲಿ ಅಂಕಮ್ಮ ನನ್ನ ತೋಳು ಹಿಡಿದು ಕೂರಿಸಿದಳು. ಕಣ್ಣು ತುಂಬಿತ್ತು, ಮುಖವೆಲ್ಲ ನಗು.

‘ನೀನ್ ಸುಮ್ಕಿರಮ್ಮಿ. ಏನಂದೆ ಕಣಪ್ಪ, ಇನ್ನೊಂದ್ಸಲ ಎಲ್ರಿಗೂ ಕೇಳಂಗೆ ಹೇಳು! ಅರ್ಧ ಯಾಕೆ, ಫುಲ್ ಟಿಕೆಟ್ಟೇ ಕೊಡು!’