ಎರಕದ ಸರಪಳಿ

ಮಧುಗಿರಿಯ ಹತ್ತಿರ ಮೋಟಾರು ಕೆಟ್ಟು ನಿಂತಿತು. ಹೊತ್ತು ಕಳೆಯಲು ದಾರಿಬದಿಯ ಹಳೆಯ ಗುಡಿಗೆ ಹೋದೆ. ಕಂಬದ ತುದಿಯಿಂದ, ಕಂಬದ ಕಲ್ಲಿನದೇ ಸರಪಳಿಯೊಂದು ಇಳಿಬಿದ್ದಿತ್ತು.

“ಇದು ಕೆತ್ತಿದ್ದಲ್ಲ. ಕಲ್ಲು ಕರಗಿಸಿ ಎರಕ ಹೊಯ್ದಿರೋದು. ಮನುಷ್ಯರ ಕೈಲಿ ಇದೆಲ್ಲ ಆಗುತ್ಯೇ?” ಎಂದರು ಅರ್ಚಕರು, ತಾವೇ ನಿಂತು ಹೊಯ್ಯಿಸಿದವರಂತೆ.

ಕಂಬದ ಹಿಂದಿನ ಕತ್ತಲಲ್ಲಿ ಬೆರಳಾಡಿಸಿದೆ. ನಯ ಮಾಡದೆ ಬಿಟ್ಟ ಮೈತುಂಬ ಉಳಿಯ ಗುರುತು.

ಹೊರಗೆ ಬೇಲಿಯಾಚೆ ಕಲ್ಲುಕುಟಿಗನೊಬ್ಬ ಒರಳುಕಲ್ಲಿಗೆ ಗುಳಿ ತೋಡುತ್ತಿದ್ದ. ಅವನ ಉಳಿ ಬಿದ್ದಲ್ಲೆಲ್ಲ ಅದೇ ಗುರುತು.

“ಒಳಗಿನ ಸರಪಳಿ ನಿಮ್ಮ ಹಿರಿಯರೇ ಕೆತ್ತಿದ್ದು ಕಣಪ್ಪ,” ಎಂದೆ.

“ಎಲ್ಲಾರ ಉಂಟಾ ಬುದ್ಧಿ. ಅದು ಎರಕ ಅಂತ ಐನೋರೇ ಏಳವ್ರೆ.”

“ಉಳಿ ಗುರುತು ಹಾಗೇ ಇದೆ. ಬಂದು ನೋಡು.”

ಅವನು ತಲೆ ಎತ್ತಲಿಲ್ಲ.

“ನಮ್ಮನ್ನ ಒಳೀಕೆ ಬುಡಾಕಿಲ್ಲ ಬುದ್ಧಿ.”