ಮುಗಿದರೂ ಜಾಗ ಬಿಡದ ಮರಿಗಳು

"ಮೂರನೇ ಸಲ ಮಷಿನ್ ನಿಂತಿತಂದ್ರ ನಿನ್ನ ಲಾಗಿನ್ ಬಂದ್, ಪ್ರಾಜೆಕ್ಟೂ ಬಂದ್" ಎಂದು ಲ್ಯಾಬಿನ ಸರ್ ನನಗೆ ಹೇಳಿದಾಗ, ಎರಡು ಸಲ ಆಗಲೇ ಆಗಿಹೋಗಿತ್ತು. ಎರಡೂ ಸಲ ತಪ್ಪು ನನ್ನದೇ, ಸುಳ್ಳು ಯಾಕೆ ಹೇಳಲಿ? ತೊಂಬತ್ತರ ದಶಕದ ಮಾತು. ಚಿಕ್ಕೋಡಿ ಕಡೆಯ ನಮ್ಮ ಕಾಲೇಜಿನಲ್ಲಿ ಇದ್ದದ್ದು ಒಂದೇ ಯುನಿಕ್ಸ್ ಮಷಿನ್. ಅದಕ್ಕೆ ಎಂಟು ಟರ್ಮಿನಲ್ ಜೋಡಿಸಿದ್ದರು. ಕೊನೆಯ ವರ್ಷದವರೆಲ್ಲ ಪಾಳಿ ಹಚ್ಚಿ ಕೂರುತ್ತಿದ್ದೆವು. ಮಷಿನ್ ನಿಂತರೆ ಎಂಟೂ ಪರದೆ ಒಟ್ಟಿಗೇ ನಿಲ್ಲುತ್ತಿದ್ದವು, ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನಿಪ್ಪಾಣಿಯ ಗೆಳತಿಯಂತೂ "ಅಗ ಬಾಯೀ, ಮತ್ತ?" ಎಂದು ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ನಾನು ಬರೆಯುತ್ತಿದ್ದದ್ದು ಒಂದು ಸಣ್ಣ ಶೆಲ್. ಅಂದರೆ, ನಾವು ಟೈಪ್ ಮಾಡಿದ ಆದೇಶ ಓದಿ, ಆ ಕೆಲಸಕ್ಕೆ ಒಂದು ಮರಿ ಪ್ರೋಸೆಸ್ ಹುಟ್ಟಿಸಿ, ಅದು ಮುಗಿಯುವತನಕ ಕಾದು, ಆಮೇಲೆ ಮುಂದಿನ ಆದೇಶಕ್ಕೆ ಕಿವಿಗೊಡುವ ಪ್ರೋಗ್ರಾಂ. ಅಷ್ಟನ್ನು ಯಾರು ಬೇಕಾದರೂ ಬರೆದಾರು ಎಂಬ ಜಂಬ ನನಗೆ. ಆದೇಶದ ಕೊನೆಗೆ & ಹಾಕಿದರೆ ನನ್ನ ಶೆಲ್ ಕಾಯಲೇಬಾರದು; ಮರಿ ಹಿಂದೆ ತನ್ನ ಪಾಡಿಗೆ ದುಡಿಯುತ್ತಿರಲಿ, ನಾವು ಮುಂದೆ ಇನ್ನೊಂದು ಕೆಲಸ ಹೇಳೋಣ. ಅಂಥ ಆದೇಶಕ್ಕೆ ಪ್ರೋಗ್ರಾಂನ 'ಕಾಯಿ' ಅನ್ನುವ ಸಾಲನ್ನು ಹಾರಿಸಿಬಿಟ್ಟೆ. ನಡೆಯಿತು! ಕುರ್ಚಿಯಲ್ಲೇ ಕುಣಿದೆ. ಮಧ್ಯಾಹ್ನದ ಹೊತ್ತಿಗೆ ಮಷಿನ್ ನಿಂತಿತು.

ಸರ್ ಮೇಜಿನ ಟರ್ಮಿನಲ್‌ನಲ್ಲಿ ಪ್ರೋಸೆಸ್‌ಗಳ ಪಟ್ಟಿ ತೆಗೆದು ನೋಡಿದರೆ, ಮುಗಿದ ಮರಿಗಳೆಲ್ಲ 'ಡಿಫಂಕ್ಟ್', ಅಂದರೆ ಸತ್ತದ್ದು, ಎಂಬ ಗುರುತು ಹೊತ್ತು ಸಾಲಾಗಿ ಕೂತಿದ್ದವು. ಮಾಡುವ ಕೆಲಸ ಒಂದೂ ಇಲ್ಲ, ಆದರೂ ಜಾಗ ಬಿಡುತ್ತಿಲ್ಲ. ಪಟ್ಟಿ ತುಂಬಿದ ಮೇಲೆ ಹೊಸದು ಹುಟ್ಟುವುದಾದರೂ ಎಲ್ಲಿ? "ಮುಗದ ಮ್ಯಾಲ ಹೋಗಾಕ ಇವಕ್ಕೇನ ಧಾಡಿ!" ಎಂದು ಕೀಬೋರ್ಡಿಗೇ ಬೈದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ತಪ್ಪು ಮಷಿನ್‌ನದು ಎಂದು ವಾದಿಸಿ ಮರುದಿನ ಅದನ್ನೇ ಮತ್ತೆ ಓಡಿಸಿದೆ. ಮತ್ತೆ ನಿಂತಿತು. ಆಗಲೇ ಸರ್ ಆ ಕೊನೆಯ ಮಾತು ಹೇಳಿದ್ದು. ಪ್ರಾಜೆಕ್ಟ್ ಹೋದರೆ ವರ್ಷವೇ ಹೋದಂತೆ.

ರವಿವಾರ ಮುಖ ಊದಿಸಿಕೊಂಡು ಊರಿಗೆ, ಉಗಾರ ಬುದ್ರುಕಕ್ಕೆ ಹೋದೆ. ನಮ್ಮ ಮನೆಯಲ್ಲಿ ಒಂದು ರೂಢಿ. ಹೊಲದಿಂದ ಬಂದ ಗಂಡಸರು ಸೀದಾ ಒಳಗೆ ಬರುವಂತಿಲ್ಲ, ಕಟ್ಟೆಯ ಮೇಲೆ ಕೂರಬೇಕು. ಅಜ್ಜ "ಆತೇನಪಾ?" ಎಂದು ಕೇಳಬೇಕು, ಅವರು "ಆತ್ರಿ" ಅನ್ನಬೇಕು. ಆಮೇಲೆಯೇ ಕೈಕಾಲು ತೊಳೆಯುವುದು, ಊಟ. ಅವತ್ತು ಕಬ್ಬಿಗೆ ನೀರು ಹಾಯಿಸಿ ಬಂದ ಇಬ್ಬರು ಕಾಕಾಗಳು ಹಸಿದ ಮುಖ ಮಾಡಿಕೊಂಡು ಕಟ್ಟೆ ಹಿಡಿದಿದ್ದರು. ಒಳಗೆ ರೊಟ್ಟಿ ಆರುತ್ತಿತ್ತು. ಅಜ್ಜಿ ಹೊರಗೆ ಬಂದಳು.

"ಯಾಕ್ರೋ, ಇನ್ನೂ ಇಲ್ಲೇ ಕುಂತೀರಿ?"

"ಅಪ್ಪ ಕೇಳಿಲ್ಲಲ್ಲ ಯವ್ವಾ" ಎಂದ ದೊಡ್ಡ ಕಾಕಾ.

"ಅವರು ಏಕಸಂಬಿಗಿ ಹೋಗ್ಯಾರ! ಸಂಜಿತನಾ ಹಿಂಗ ಕುಂದ್ರಾವ್ರೇನ? ಆತೇನ ನಿಂದು?"

"ಆತು."

"ನಿಂದೋ?"

"ನಂದೂ ಆತು."

"ಏಳ್ರಿ ಹಂಗಾರ!"

ಮೀಸೆ ಬಂದ ಗಂಡಸರಿಬ್ಬರು ಓಡಿಹೋಗಿ ಕೈ ತೊಳೆದದ್ದು ನೋಡಿ ಹೊಟ್ಟೆ ಹಿಡಿದು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಅಯ್ಯೋ ನನ್ನ ಕರ್ಮವೇ! ಆ ಮರಿಗಳದ್ದೇನೂ ಹಟವಲ್ಲ, ಹುಟ್ಟಿಸಿದ ನನ್ನ ಶೆಲ್ ಅವುಗಳನ್ನು "ಮುಗಿಯಿತೇ?" ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳುವತನಕ ಅವು ಪಟ್ಟಿಯಿಂದ ಏಳುವಂತಿಲ್ಲ. ಸೋಮವಾರ ಎರಡೇ ಸಾಲು ಸೇರಿಸಿದೆ. ಹೊಸ ಆದೇಶ ಕೇಳುವ ಮುಂಚೆ ಪ್ರತಿ ಸಲ, ನಿಂತು ಕಾಯದೆ, ಮುಗಿದವರು ಯಾರಿದ್ದೀರಿ ಎಂದು ಕೇಳುವುದು. ಒಬ್ಬರನ್ನು ಕೇಳಿ ಸುಮ್ಮನಾಗದೆ, ಇನ್ನು ಯಾರೂ ಉಳಿದಿಲ್ಲ ಅನ್ನುವತನಕ ಕೇಳುವುದು. ನಾಲ್ಕು ದಿನ ಮಷಿನ್ ಕಮಕ್ ಕಿಮಕ್ ಅನ್ನಲಿಲ್ಲ.

ಶುಕ್ರವಾರ ನಿಂತಿತು.

ಸರ್ ಯಾರನ್ನೂ ಕೇಳದೆ ನೇರವಾಗಿ ನನ್ನ ಹತ್ತಿರ ಬಂದರು. "ಹೇಳಿದ್ನೋ ಇಲ್ಲೋ? ಏಳ್ ಮ್ಯಾಲ."

"ಸರ್, ಇದು ನಂದಲ್ರಿ."

"ಮತ್ಯಾರದು? ನಂದೇನು?"

ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು ನನಗೆ. "ಒಮ್ಮೆ ಪಟ್ಟಿ ತಗದ ನೋಡ್ರಿ ಸರ್. ಒಂದ ಸಾಲ ನಂದಿದ್ರೂ ನಾನ ಹೊರಗ ಹೋಗ್ತೀನ್ರಿ" ಎಂದೆ.

ಅವರ ಮೇಜಿನ ಟರ್ಮಿನಲ್‌ಗೆ ಮಾತ್ರ ಇಂಥ ಹೊತ್ತಿಗೆಂದು ಪಟ್ಟಿಯ ಕೊನೆಯ ಒಂದು ಜಾಗ ಮೀಸಲಿತ್ತು. ಪಟ್ಟಿ ತೆಗೆದರು. ಪರದೆ ತುಂಬ 'ಡಿಫಂಕ್ಟ್'. ಪ್ರತಿ ಸಾಲಿನ ಮೊದಲಿಗೆ ಅದು ಯಾರ ಲಾಗಿನ್ ಎಂದು ಬರೆದಿರುತ್ತದೆ. ನನ್ನದು ಒಂದೂ ಇರಲಿಲ್ಲ. ಎಲ್ಲವೂ ಸರ್ ಅವರವೇ. ವಿದ್ಯಾರ್ಥಿಗಳ ಹಾಜರಿ ಪಟ್ಟಿಗಳನ್ನು ಹಿನ್ನೆಲೆಯಲ್ಲಿ ಒಂದೊಂದಾಗಿ ಪ್ರಿಂಟಿಗೆ ಕಳಿಸಲು ಅವರೇ ಆ ವಾರ ಬರೆದ ಪ್ರೋಗ್ರಾಂನ ಮರಿಗಳು ಅವು; ಅದೂ ಅವುಗಳನ್ನು "ಮುಗಿಯಿತೇ?" ಎಂದು ಕೇಳಿರಲಿಲ್ಲ.

ಎಲ್ಲರೂ ನಮ್ಮ ಹಿಂದೆ ಬಂದು ನಿಂತಿದ್ದರು. ಇಷ್ಟು ಮಂದಿಯ ಎದುರು ಮಾನ ಹೋದ ಮೇಲೆ ಇನ್ನು ನನ್ನನ್ನು ಖಂಡಿತ ಉಳಿಸುವುದಿಲ್ಲ ಎಂದುಕೊಂಡೆ. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗಿನತನಕ ಓದಿದರು. ಆಮೇಲೆ ಎದ್ದು, ತಮ್ಮ ಕುರ್ಚಿಯನ್ನು ನನ್ನ ಕಡೆ ಎಳೆದರು.

"ಕುಂದ್ರವಾ. ನೀ ಏನ ಹಾಕೀದಿ, ನನಗೂ ಹೇಳಿಕೊಡು."

ನಾನು ಕೂತು ಆ ಎರಡು ಸಾಲು ಟೈಪ್ ಮಾಡಿದೆ. ಸರ್ ಪಕ್ಕದಲ್ಲಿ ನಿಂತು ಬರೆದುಕೊಂಡರು.